ಕೊಂಕಿದ ಕೂದಲು

ನನ್ನ ಕೆಲಸ ಜನರನ್ನು ಅವರ ಹಿಂದಿನ ಗೋಡೆಯಿಂದ ಬಿಡಿಸುವುದು. ಅರ್ಜಿಗೆ, ಪರೀಕ್ಷೆಗೆ, ಗುರುತಿನ ಚೀಟಿಗೆ ಫೋಟೋ ಬೇಕೆಂದು ಬಂದವರು ನಮ್ಮ ಸ್ಟುಡಿಯೋದ ನೀಲಿ ಪರದೆಯ ಮುಂದೆ ಕೂರುತ್ತಾರೆ. ಕಚೇರಿಯವರಿಗೆ ಹಿಂದೆ ಬಿಳಿಯೇ ಬೇಕು. ಒಂದು ಬಿಳಿ ಪರದೆ ತಂದರೆ ಮುಗಿಯುತ್ತದಲ್ಲ ಎಂದು ನಾನು ಯಜಮಾನರನ್ನು ಕೇಳಿದ್ದೆ. "ತರಬಹುದು. ಆಮೇಲೆ ನಿನ್ನನ್ನ ಯಾಕೆ ಇಟ್ಕೋಬೇಕು?" ಅಂದರು. ಅಂದಿನಿಂದ ನೀಲಿ ಪರದೆಯ ಮೇಲೆ ನನಗೆ ಪ್ರೀತಿ.

ಕಂಪ್ಯೂಟರಿನಲ್ಲಿ ಪೆನ್ ಟೂಲ್ ಹಿಡಿದು ಕಿವಿ, ಕೆನ್ನೆ, ಭುಜದ ಅಂಚಿಗೆ ಚುಕ್ಕೆ ಇಡುತ್ತ ಹೋಗಬೇಕು. ಚುಕ್ಕೆ ಚುಕ್ಕೆಯ ನಡುವೆ ತಾನಾಗಿಯೇ ಗೆರೆ ಬೀಳುತ್ತದೆ. ಚುಕ್ಕೆಯನ್ನು ಒತ್ತಿ ಎಳೆದರೆ ಗೆರೆ ಬಾಗುತ್ತದೆ. ಸುತ್ತು ಬಂದು ಮೊದಲ ಚುಕ್ಕೆಯ ಮೇಲೆ ಮತ್ತೆ ಒತ್ತಿದರೆ ಗೆರೆ ಮುಚ್ಚಿಕೊಳ್ಳುತ್ತದೆ. ಒಳಗೆ ಉಳಿದದ್ದು ಮನುಷ್ಯ, ಹೊರಗೆ ಉಳಿದದ್ದು ಕಸ. ನಮ್ಮ ಸ್ಟುಡಿಯೋದಲ್ಲಿ ಇದಕ್ಕೆ ಬೇಲಿ ಹಾಕುವುದು ಅನ್ನುತ್ತೇವೆ. ಬೇಲಿಯಿಂದ ಆಚೆ ಚಾಚಿದ ಕೂದಲನ್ನು ಯಾರೂ ಕೇಳುವುದಿಲ್ಲ, ಅದು ಪರದೆಯ ಜೊತೆಗೇ ಹೋಗುತ್ತದೆ. ಈ ಲೆಕ್ಕದಲ್ಲಿ ಊರಿನ ಅರ್ಧ ಜನರ ತಲೆ ಬಾಚಿದವಳು ನಾನು. ಬೇಲಿ ಹಾಕುವುದರಲ್ಲಿ ನನ್ನನ್ನು ಮೀರಿಸಿದವರು ನಮ್ಮ ರಸ್ತೆಯ ಯಾವ ಸ್ಟುಡಿಯೋದಲ್ಲೂ ಇಲ್ಲ. ಇದು ಜಂಬ ಅನ್ನಿಸಿದರೆ ಅನ್ನಿಸಲಿ, ಸುಳ್ಳಲ್ಲ.

ಯಜಮಾನರನ್ನು ಎಲ್ಲರೂ ಫ್ಲ್ಯಾಶಣ್ಣ ಅನ್ನುತ್ತಾರೆ. ಫೋಟೋ ತೆಗೆಯುವಾಗ ಕೂತವರಿಗಿಂತ ಮೊದಲು ಅವರೇ ಕಣ್ಣು ಮಿಟುಕಿಸುತ್ತಾರೆ, ಅದಕ್ಕೆ. ಒಂದು ಬೆಳಗ್ಗೆ ಬಸ್ ಡಿಪೋದ ಮ್ಯಾನೇಜರ್ ಬಂದು ಅವರ ಎದುರು ಕೂತರು. ಡಿಪೋದಲ್ಲಿ ಡ್ರೈವರ್‌ಗಳು ಕೂರುವುದಕ್ಕೆ ಹೊಸ ಹಾಲ್ ಕಟ್ಟಿಸಿದ್ದರು. ಬಾಗಿಲ ಎದುರಿನ ಗೋಡೆಗೆ ಡಿಪೋದ ಮೊದಲ ಹೆಣ್ಣು ಡ್ರೈವರ್‌ದು ಆಳೆತ್ತರದ ಫೋಟೋ ಹಾಕಬೇಕು, ಸೋಮವಾರ ಹಾಲ್ ತೆರೆಯುತ್ತಾರೆ.

ಆ ಮೊದಲ ಡ್ರೈವರ್ ನನ್ನ ಅಜ್ಜಿ, ಅಮ್ಮನ ಅಮ್ಮ. ಫೋಟೋ ನಮ್ಮ ಮನೆಯಲ್ಲೇ ಇತ್ತು. ಇತ್ತು ಅಂದರೆ ಮುಕ್ಕಾಲು ಪಾಲು ಇತ್ತು. ಅದನ್ನು ತೂಗುಹಾಕಿದ್ದ ಗೋಡೆಯ ಒಳಗೆ ನೀರಿನ ಪೈಪು ಸೋರಿ, ಫೋಟೋ ಗಾಜಿಗೆ ಅಂಟಿಕೊಂಡಿತ್ತಂತೆ. ನಮ್ಮ ಮಾವ ಎಲ್ಲ ಬಲ್ಲವನ ಹಾಗೆ ಚಾಕು ಹಾಕಿ ಎಬ್ಬಿಸಿದ. ಅಜ್ಜಿಯ ಒಂದು ಕಡೆಯ ಕೂದಲು, ಕಿವಿ, ಭುಜ ಗಾಜಿನ ಜೊತೆ ಹೋದವು. ಇದೆಲ್ಲ ನಾನು ಹುಟ್ಟುವ ಮೊದಲು. ನಾನು ಕಂಡ ಅಜ್ಜಿ ಆ ಫೋಟೋದಲ್ಲಿ ಯಾವಾಗಲೂ ಒಂದೇ ಕಿವಿಯವಳು.

"ರಿಪೇರಿ ಆಗುತ್ತಾ?" ಮ್ಯಾನೇಜರ್ ಕೇಳಿದರು.

"ಆಗುತ್ತೆ," ಫ್ಲ್ಯಾಶಣ್ಣ ನನ್ನ ಕಡೆ ಕೈ ತೋರಿಸಿದರು. "ಡ್ರೈವರಮ್ಮನ ಮೊಮ್ಮಗಳೇ ಮಾಡ್ತಾಳೆ."

"ನೀಟಾಗಿ ಬರಬೇಕಮ್ಮ. ಮೇಲಿನವರೆಲ್ಲ ಬರ್ತಾರೆ. ಒಂದು ಕೂದಲೂ ಕೊಂಕಿರಬಾರದು."

ಕೊಂಕಲಿಲ್ಲ. ಇದ್ದ ಕಡೆಯ ಕೂದಲು ಎಣ್ಣೆ ಹಚ್ಚಿ ಬಾಚಿದ್ದು, ಹಿಂದಕ್ಕೆ ಎಳೆದು ತುರುಬು ಕಟ್ಟಿದ್ದು, ನುಣ್ಣಗಿತ್ತು. ಅದಕ್ಕೆ ಬೇಲಿ ಹಾಕಿ ಬಿಡಿಸಿಕೊಂಡೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಇಲ್ಲದ ಕಡೆಗೆ ಕೂರಿಸಿದೆ. ಕಿವಿಗೂ ಅದೇ, ಭುಜಕ್ಕೂ ಅದೇ. ಹಿಂದಿನ ಬಸ್ಸಿನ ತಗಡನ್ನು ಅಕ್ಕಪಕ್ಕದಿಂದ ತಂದು ತುಂಬಿದೆ. ಅವಳ ಮುಖ, ಬಟ್ಟೆಯ ಮೇಲಿನ ಗೀರು, ಕಲೆ ಎಲ್ಲ ಒರೆಸಿದೆ. ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗಿಯಿತು. ಫ್ಲ್ಯಾಶಣ್ಣ ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಜೋಡಣೆಯ ಗೆರೆ ಹುಡುಕಿದರು, ಸಿಗಲಿಲ್ಲ. "ಕಳ್ಳಿ," ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಒಂದು ಸಣ್ಣ ಪ್ರತಿ ತೆಗೆದುಕೊಂಡು ಸಂಜೆ ಅಜ್ಜಿಯ ಎದುರು ಇಟ್ಟೆ.

ನಮ್ಮ ಅಜ್ಜಿ ಕೂರುವುದೇ ಒಂದು ಥರ. ಅಡುಗೆಮನೆಯ ಕುರ್ಚಿಯಲ್ಲಿ ಕೂತರೂ ಬೆನ್ನು ನೆಟ್ಟಗೆ, ಎರಡೂ ಪಾದ ನೆಲಕ್ಕೆ. ಬೇರೆಯವರು ಓಡಿಸುವ ಬಸ್ಸಿನಲ್ಲಿ ಕೂತರೆ ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತಾಳೆ. ಫೋಟೋ ತೆಗೆದುಕೊಂಡು ಕನ್ನಡಕದ ಕೆಳಗಿಂದ ನೋಡಿದಳು, ಮೇಲಿಂದ ನೋಡಿದಳು.

"ಯಾರೇ ಇವಳು?"

"ನೀನೇ ಅಜ್ಜಿ."

"ನಾನಲ್ಲ. ಇವಳು ಯಾರೋ ಬಸ್ ಪಕ್ಕ ನಿಂತಿರೋ ಹೆಂಗಸು. ಬಸ್ಸಿಗೂ ಇವಳಿಗೂ ಏನು ಸಂಬಂಧ?"

ಅಮ್ಮ ಒಲೆಯ ಹತ್ತಿರದಿಂದ, "ಇಷ್ಟು ಚೆನ್ನಾಗಿ ಮಾಡಿದಾಳೆ, ಒಂದು ಒಳ್ಳೇ ಮಾತಾಡೋಕೆ ನಿನಗೇನು ಕಷ್ಟ?" ಅಂದಳು.

"ಚೆನ್ನಾಗಿದೆ ಅಂತಲೇ ಹೇಳ್ತಿರೋದು. ಮದುವೆಗೆ ಕಳಿಸೋ ಫೋಟೋ ಥರ ಇದೆ. ಈ ಕಡೆ ಕೂದಲು ಯಾರದು?"

ನಿನ್ನದೇ, ಆ ಕಡೆಯದನ್ನೇ ತಿರುಗಿಸಿ ಹಾಕಿದ್ದು ಅಂದೆ. ಅಜ್ಜಿ ಫೋಟೋ ಕೆಳಗಿಟ್ಟಳು.

"ಆ ಕಡೆ ಬಸ್ಸಿನ ಒಳಗಡೆ. ಈ ಕಡೆ ಕಿಟಕಿ," ಅಂದಳು. ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು. ಅವಳು ಎಂದೂ ಪೂರ್ತಿ ಹೇಳದ ಕತೆ ಅದು, ನಾವು ಎಂದೂ ಪೂರ್ತಿ ಕೇಳದ್ದೂ ಹೌದು.

"ನಾನು ಮೊದಲ ಸಲ ಡ್ಯೂಟಿಗೆ ಹೋದ ದಿನ ಬೆಳಗ್ಗೆ, ಬಸ್ ಹೊರಡೋಕೆ ಮುಂಚೇನೇ ಫೋಟೋದವನು ಬಂದು ನಿಂತಿದ್ದ. ನಾನು ಬೇಡ ಅಂದೆ. ಹೋಗಿ ಬಂದ್ಮೇಲೆ ತೆಗಿ ಅಂದೆ. ಈಗ ತೆಗೆಸಿಕೊಂಡು ಆಮೇಲೆ ಎಲ್ಲಾದ್ರೂ ಗುದ್ದಿದ್ರೆ, ನಾಳೆ ಪೇಪರಲ್ಲಿ ಅದೇ ಫೋಟೋ ಹಾಕ್ತಾರೆ. ನಾನು ಸೀಟಲ್ಲಿ ಕೂತಿದ್ದೇ ತಡ, ಒಳಗಿದ್ದ ಜನರಲ್ಲಿ ಐದಾರು ಮಂದಿ ಇಳಿದ್ರು. ಮುಂದಿನ ಬಸ್ಸಿಗೆ ಬರ್ತೀವಿ ಅಂದ್ರು. ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಗೇರ್ ನೋಡಿದೆ. ಹೊರಟೆ."

"ಆಮೇಲೆ?"

"ಆಮೇಲೇನು, ಹೋದೆ, ಬಂದೆ. ಡ್ರೈವರ್ ಕಡೆ ಕಿಟಕಿಗೆ ಗಾಜಿರಲಿಲ್ಲ. ಇಳಿಜಾರಲ್ಲಿ ಗಾಳಿ ಹೊಡೆದು ಈ ಕಡೆ ಕೂದಲೆಲ್ಲ ಪಿನ್ನಿಂದ ಕಿತ್ಕೊಂಡು ಬಂತು. ಎರಡೂ ಕೈ ಸ್ಟೇರಿಂಗ್ ಮೇಲೆ, ಯಾರು ಕಟ್ತಾರೆ? ವಾಪಸ್ ಬಂದಾಗ ಆ ಐದಾರು ಜನ ಅಲ್ಲೇ ನಿಂತಿದ್ರು, ಮುಂದಿನ ಬಸ್ಸಿಗೆ ಕಾಯ್ಕೊಂಡು. ಮುಂದಿನ ಬಸ್ಸೂ ನಂದೇ." ಅಜ್ಜಿ ನಗಲಿಲ್ಲ. ಅಮ್ಮ ಒಲೆ ಸಣ್ಣ ಮಾಡಿ ಬಂದು ನಿಂತಳು. "ಅವರು ತಲೆ ತಗ್ಗಿಸಿಕೊಂಡು ಹತ್ತುತಾ ಇದ್ದಾಗ ತೆಗೆದ ಫೋಟೋ ಇದು. ಆಗಿನ ಮ್ಯಾನೇಜರ್ ಬಾಚಣಿಗೆ ಕೊಟ್ಟ, ತಲೆ ಬಾಚ್ಕೊಳಮ್ಮ ಅಂದ. ಜೇಬಿಗೆ ಹಾಕ್ಕೊಂಡೆ. ವಾಪಸ್ ಕೊಡಲೂ ಇಲ್ಲ."

ನಾನು ಫೋಟೋ ಮತ್ತೆ ಕೈಗೆತ್ತಿಕೊಂಡೆ. ಮೂಲ ಫೋಟೋದಲ್ಲಿ ಜೇಬಿನ ಅಂಚಿನಲ್ಲಿ ಹಲ್ಲು ಹಲ್ಲಾಗಿ ಏನೋ ಇತ್ತು. ಕೊಳೆ ಎಂದು ಒರೆಸಿ ಹಾಕಿದ್ದೆ.

"ಬಾಚಿದ ತಲೆ ಓಡಿಸೋಕೆ ಮುಂಚಿನದು," ಅಜ್ಜಿ ಅಂದಳು. "ಇದು ಓಡಿಸಿ ಬಂದ ತಲೆ. ಆಗೋದಾದ್ರೆ ಹಾಗೆ ಮಾಡು. ಆಗದಿದ್ರೆ ಆ ಗೋಡೆಗೆ ಬರೀ ಸುಣ್ಣ ಹೊಡೆಸ್ಲಿ. ಇವಳನ್ನ ನೋಡೋಕೆ ನಾನು ಬರಲ್ಲ."

ಅಜ್ಜಿ ಬರಲ್ಲ ಅಂದರೆ ಬರಲ್ಲ. ಮಗಳ ಮದುವೆಗೇ ಡ್ಯೂಟಿ ಮುಗಿಸಿ ಬಂದವಳು.

ಮರುದಿನ ಫೈಲು ತೆರೆದು ಆ ಕಡೆಯ ನುಣುಪು ಕೂದಲನ್ನು ಅಳಿಸಿದೆ. ಬಾಚಣಿಗೆಯನ್ನು ಮೂಲ ಪ್ರತಿಯಿಂದ ವಾಪಸ್ ತಂದೆ. ಹಾರುವ ಕೂದಲು ಬರೆಯಬೇಕಿತ್ತು. ಒಂದೊಂದು ಕೂದಲೂ ಒಂದು ಗೆರೆ. ಹುಟ್ಟಿದ ಕಡೆ ಒಂದು ತುದಿ, ಗಾಳಿಯಲ್ಲಿ ಒಂದು ತುದಿ, ಎರಡೂ ಸೇರಬಾರದು. ಗೆರೆ ತೆರೆದೇ ಉಳಿಯಬೇಕು. ಕೇಳುವುದಕ್ಕೆ ಬೇಲಿಗಿಂತ ಸುಲಭ. ಸುತ್ತಿ ಬರುವ ಕೆಲಸವೇ ಇಲ್ಲ.

ನನ್ನ ಕೈಗೆ ಅದು ಬರಲಿಲ್ಲ. ಮೂರು ವರ್ಷ ಬೇಲಿ ಹಾಕಿದ ಕೈ. ಕೂದಲಿನ ತುದಿಗೆ ಹೋಗಿ ನಿಂತ ತಕ್ಷಣ, ಗಾಣದ ಎತ್ತಿನ ಹಾಗೆ ಮೊದಲ ಚುಕ್ಕೆಗೆ ತಿರುಗಿ ಓಡುತ್ತಿತ್ತು. ಕೂದಲಿನ ಬದಲು ಎಲೆ ಬರುತ್ತಿತ್ತು. ಕೈಯನ್ನು ಬೈದು ನಿಲ್ಲಿಸಿದೆ. ಆಗ ಇನ್ನೊಂದು ತೊಂದರೆ. ಒಂದು ಗೆರೆ ಮುಗಿಯಿತು ಎಂದು ಕಂಪ್ಯೂಟರಿಗೆ ಹೇಳದೆ ಮುಂದಿನ ಕೂದಲಿಗೆ ಚುಕ್ಕೆ ಇಟ್ಟರೆ, ಅದು ಹಿಂದಿನದರ ತುದಿಯಿಂದಲೇ ಗೆರೆ ಎಳೆಯುತ್ತದೆ. ಮುಚ್ಚಿದ ಗೆರೆಗೆ ಮುಗಿಯಿತು ಎಂದು ಹೇಳಬೇಕಾಗಿಲ್ಲ, ಮುಚ್ಚಿದ್ದೇ ಮುಗಿದದ್ದು. ತೆರೆದದ್ದನ್ನು ನಾವೇ ಬಿಡಬೇಕು. ಕಂಟ್ರೋಲ್ ಕೀಲಿ ಒತ್ತಿ ಹೊರಗೆಲ್ಲೋ ಒಮ್ಮೆ ಕ್ಲಿಕ್ ಮಾಡಬೇಕು. ನಾನು ಮರೆತು ಮರೆತು ಅಜ್ಜಿಯ ತಲೆಗೆ ಮೀನಿನ ಬಲೆ ನೇಯ್ದಿದ್ದೆ.

"ಬೇಲಿನೇ ಎದ್ದು ಹೊಲ ಮೇಯ್ತಾ ಇದೆ," ಫ್ಲ್ಯಾಶಣ್ಣ ಹಿಂದಿನಿಂದ ಅಂದರು.

ಬಲೆ ಬಿಚ್ಚಿ ಮತ್ತೆ ಶುರು ಮಾಡಿದೆ. ಎಳೆ, ಬಿಡು. ಎಳೆ, ಬಿಡು. ಒಂದಿಷ್ಟು ಗೆರೆಗಳಾದವು. ಗೆರೆ ಅಂದರೆ ಅದು ಬರೀ ದಾರಿ, ಅದಕ್ಕೆ ಮೈಯಿಲ್ಲ, ಅಚ್ಚಿನಲ್ಲಿ ಬರುವುದಿಲ್ಲ. ಬ್ರಷ್ ಆರಿಸಿ ಸ್ಟ್ರೋಕ್ ಕೊಟ್ಟರೆ ಆ ದಾರಿಯುದ್ದಕ್ಕೂ ಬಣ್ಣ ಹರಿಯುತ್ತದೆ. ಸಣ್ಣ ಬ್ರಷ್ ಇಟ್ಟು ಕೊಟ್ಟೆ. ಬುಡದಿಂದ ತುದಿಯವರೆಗೆ ಒಂದೇ ದಪ್ಪ.

"ಕರೆಂಟ್ ಹೋದ್ರೆ ಅಜ್ಜಿ ತಲೆಯಿಂದ ವೈರ್ ಎಳ್ಕೋಬಹುದು."

"ಅಣ್ಣ, ಹೊರಗೆ ಗಿರಾಕಿ ಬಂದ ಹಾಗಿದೆ."

"ಯಾರೂ ಬಂದಿಲ್ಲ."

"ಬರೋ ತನಕ ಹೊರಗೇ ಇರಿ."

ಹೋದರು. ಸ್ಟ್ರೋಕ್ ಕೊಡುವ ಚೌಕದಲ್ಲಿ ಇನ್ನೊಂದು ಆಯ್ಕೆ ಇದೆ. ಅದಕ್ಕೆ ಗುರುತು ಹಾಕಿದರೆ ಕಂಪ್ಯೂಟರ್ ಕೈ ಒತ್ತಿದ ಹಾಗೆ ನಟಿಸುತ್ತದೆ, ಎರಡು ತುದಿ ತೆಳ್ಳಗೆ, ನಡು ದಪ್ಪ. ತುದಿ ತೆಳ್ಳಗಾಯಿತು. ಆದರೆ ಬುಡವೂ ತೆಳ್ಳಗಾಗಿ ಕೂದಲು ತಲೆಯಿಂದ ಹುಟ್ಟಿದ್ದೋ, ಎಲ್ಲಿಂದಲೋ ಹಾರಿ ಬಂದು ಅಂಟಿಕೊಂಡದ್ದೋ ತಿಳಿಯದ ಹಾಗಿತ್ತು. ಪ್ರತಿ ಗೆರೆಯನ್ನೂ ನೆತ್ತಿಯ ಮೇಲೆ ಉಳಿದಿದ್ದ ಬಾಚಿದ ಕೂದಲಿನ ಒಳಗಿಂದಲೇ ಶುರುಮಾಡಿದೆ. ತೆಳು ಬುಡ ಕಪ್ಪಿನಲ್ಲಿ ಮುಚ್ಚಿಹೋಯಿತು. ಹೊರಗೆ ಬರುವ ಹೊತ್ತಿಗೆ ಗೆರೆಗೆ ಮೈ ಬಂದಿತ್ತು, ಹೋಗ್ತಾ ಹೋಗ್ತಾ ಇಲ್ಲವಾಯಿತು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಕುರ್ಚಿಗೆ ಒರಗಿ ಒಂದು ಲೋಟ ನೀರು ಕುಡಿದೆ.

ಆದರೂ ಕೂದಲು ಹಾರುತ್ತಿರಲಿಲ್ಲ, ನೇತಾಡುತ್ತಿತ್ತು. ನನಗೆ ಗಾಳಿ ಗೊತ್ತಿಲ್ಲ ಎಂದು ಆಗ ತಿಳಿಯಿತು. ಅಜ್ಜಿಗೆ ಫೋನ್ ಮಾಡಿದೆ. ಅವಳು ಬಸ್ಸಿನಲ್ಲಿ ಬಂದಳು. ಬಂದವಳೇ, ಓಡಿಸಿದ ಹುಡುಗ ಗುಂಡಿಗಳನ್ನು ಹುಡುಕಿ ಹುಡುಕಿ ಇಳಿಸುತ್ತಾನೆ ಎಂದು ಫ್ಲ್ಯಾಶಣ್ಣನಿಗೆ ದೂರು ಕೊಟ್ಟಳು. ಅವರು ಡಿಪೋಕ್ಕೇ ಸೇರಿದವರ ಹಾಗೆ ಕ್ಷಮೆ ಕೇಳಿದರು.

ನೀಲಿ ಪರದೆಯ ಮುಂದಿನ ಸ್ಟೂಲಿನ ಮೇಲೆ ಕೂರಿಸಿ, ಒಂದು ಕಡೆಯ ಪಿನ್ ಕಳಚು ಎಂದೆ. ಬಿಳಿ ಕೂದಲು, ಈಗಲೂ ಬೇಕಾದಷ್ಟಿತ್ತು. ಫ್ಲ್ಯಾಶಣ್ಣ ನಿಲ್ಲುವ ಫ್ಯಾನನ್ನು ಅವಳ ಕಿವಿಯ ನೇರಕ್ಕೆ ಇಟ್ಟರು.

"ಗಾಳಿ ಪಕ್ಕದಿಂದ ಬರೋದು ನಿಂತ ಬಸ್ಸಿಗೆ," ಅಜ್ಜಿ ಅಂದಳು. "ಮುಂದಿಡಿ. ಸ್ವಲ್ಪ ಓರೆ. ಜೋರು ಮಾಡಿ. ಇಷ್ಟೇನಾ ಇದರ ಜೋರು?"

"ಇಷ್ಟೇ ಅಮ್ಮ."

"ಇದು ಎರಡನೇ ಗೇರು."

ಫ್ಲ್ಯಾಶಣ್ಣ ಒಂದು ರಟ್ಟು ತಂದು ಜೊತೆಗೆ ಬೀಸತೊಡಗಿದರು. ಬೀಸುವಾಗಲೂ ಕಣ್ಣು ಮಿಟುಕಿಸುತ್ತಿದ್ದರು. ನಾನು ನೋಡಿದೆ. ಕೂದಲು ಒಂದೊಂದಾಗಿ ಏಳುವುದಿಲ್ಲ. ಕಿವಿಯ ಮೇಲೆ ಒಂದು ಗೊಂಚಲಾಗಿ ಎದ್ದು, ಹಿಂದಕ್ಕೆ ಬಾಗಿ, ಅಲ್ಲಿ ಒಡೆದು ನಾಲ್ಕಾರು ಕಡೆ ಹೋಗುತ್ತದೆ. ಒಂದೆರಡು ಮಾತ್ರ ಗುಂಪಿಗೆ ಸೇರದೆ ಮುಂದಕ್ಕೇ ಕೊಂಕುತ್ತವೆ. ಅವೇ ಗಾಳಿ ಇದೆ ಎಂದು ಹೇಳುವುದು. ನಾನು ಎಲ್ಲವನ್ನೂ ಒಂದೇ ದಿಕ್ಕಿಗೆ ಬಾಗಿಸಿದ್ದೆ, ಹಾರುವ ಕೂದಲನ್ನೂ ಬಾಚಿಬಿಟ್ಟಿದ್ದೆ.

ಅಜ್ಜಿ ಅಲ್ಲೇ ಕೂತಿದ್ದಾಗ ಮತ್ತೆ ಬರೆದೆ. ಗೊಂಚಲಿಗೆ ದಪ್ಪ ಬ್ರಷ್, ಒಡೆದ ಎಳೆಗಳಿಗೆ ಸಣ್ಣದು, ಕೊಂಕಿದವಕ್ಕೆ ಇನ್ನೂ ಸಣ್ಣದು. ಉಳಿದ ಕೂದಲಿನಿಂದಲೇ ನಾಲ್ಕಾರು ಬಗೆಯ ಕಪ್ಪು, ಬೂದು ಎತ್ತಿಕೊಂಡೆ. ಹೊಸ ಗೆರೆ ಹಳೆಯ ಫೋಟೋದ ಮೇಲೆ ತೀರಾ ಸ್ವಚ್ಛವಾಗಿ ಕಂಡಾಗ ಅದರ ಮೇಲೂ ಆ ಕಾಲದ ಫೋಟೋಗಳಲ್ಲಿ ಕಾಣುವ ಮರಳಿನಂಥ ಚುಕ್ಕೆಗಳನ್ನು ಉದುರಿಸಿದೆ. ಕೊನೆಯಲ್ಲಿ ಒಂದು ಎಳೆಯನ್ನು ಸುಮ್ಮನೆ, ಕೈ ಹೋದಷ್ಟು ದೂರ ಬಿಟ್ಟೆ. ಕೈ ಮೊದಲ ಚುಕ್ಕೆಯನ್ನು ಕೇಳಲಿಲ್ಲ.

ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದೆ. ಅಜ್ಜಿ ಪಿನ್ ಬಾಯಲ್ಲಿ ಕಚ್ಚಿಕೊಂಡು ಕೂದಲು ಕಟ್ಟುತ್ತ ನೋಡಿದಳು. ಪಿನ್ ಸಿಕ್ಕಿಸಿ ಮುಗಿಸಿದಳು.

"ಹೂಂ. ಇವಳು ಗೊತ್ತು ನನಗೆ," ಅಂದಳು. "ಸೋಮವಾರ ಎಷ್ಟು ಹೊತ್ತಿಗೆ?"

ಮ್ಯಾನೇಜರ್ ಸಂಜೆ ಬಂದರು. ಅಜ್ಜಿ ಹೋಗಿಯಾಗಿತ್ತು. ಅವರು ಮೊದಲಿನ ಪ್ರತಿಯನ್ನು ಫೋನಿನಲ್ಲಿ ನೋಡಿ ಒಪ್ಪಿದ್ದವರು. ಹೊಸದನ್ನು ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು.

"ಇದೇನಮ್ಮ, ಚೆನ್ನಾಗಿದ್ದದ್ದನ್ನ ಕೋಳಿ ಕೆದಕಿದ ಹಾಗೆ ಮಾಡಿದೀಯ? ನಮ್ಮದು ಶಿಸ್ತಿನ ಸಂಸ್ಥೆ. ಯೂನಿಫಾರ್ಮ್ ಗುಂಡಿ ಬಿಟ್ಟಿದ್ರೆ ಮೆಮೊ ಕೊಡ್ತೀನಿ ನಾನು. ಗೋಡೆ ಮೇಲೆ ಇದನ್ನ ಹಾಕಿ ಏನು ಹೇಳ್ಲಿ? ಮೊದಲಿನದೇ ಕೊಡಿ."

ಫ್ಲ್ಯಾಶಣ್ಣ ನನ್ನ ಮುಖ ನೋಡಿದರು. ಡಿಪೋ ದೊಡ್ಡ ಗಿರಾಕಿ, ಅಲ್ಲಿನ ಎಲ್ಲರ ಗುರುತಿನ ಚೀಟಿಯ ಫೋಟೋ ನಮ್ಮಲ್ಲೇ. ಅವರು ಹೂಂ ಅಂದಿದ್ದರೆ ನಾನು ತಪ್ಪು ಹೇಳುತ್ತಿರಲಿಲ್ಲ. ಅವರು ಮೌಸನ್ನು ನನ್ನ ಕಡೆ ತಳ್ಳಿದರು.

ನಾನು ಫೋಟೋದ ಕೆಳಗಿನ ಭಾಗವನ್ನು ದೊಡ್ಡದು ಮಾಡಿದೆ. ಅಲ್ಲಿ ಯಾರೂ ಏನೂ ತಿದ್ದಿರಲಿಲ್ಲ, ನಾನೂ ಸಹ. ಮುಂದಿನ ಚಕ್ರ. ಟೈರಿನ ಅಂಚಿಗೆ ಕೆಸರು, ತಗಡಿನ ಮೇಲೆ ಹಿಂದಕ್ಕೆ ಹಾರಿದ ಕೆಸರಿನ ಗೀರುಗಳು. ಇನ್ನೂ ಹಸಿ, ಬೆಳಕಿಗೆ ಹೊಳೆಯುತ್ತಿತ್ತು.

"ಸರ್, ಇದನ್ನ ನೋಡಿ. ಬಸ್ ಈಗಷ್ಟೇ ಬಂದು ನಿಂತಿದೆ."

"ಸರಿ, ಬಂದಿದೆ."

"ನಿಮ್ಮ ಹಾಲಲ್ಲಿ ಕೂರೋರು ಯಾರು?"

"ಡ್ರೈವರ್‌ಗಳು."

"ಡ್ರೈವರ್‌ಗಳು ಮೊದಲು ಏನು ನೋಡ್ತಾರೆ ಸರ್, ಮುಖಾನಾ, ಟೈರಾ?"

ಮ್ಯಾನೇಜರ್ ಕಂಪ್ಯೂಟರಿನ ಕಡೆ ಬಗ್ಗಿದರು. ಅವರೂ ಒಂದು ಕಾಲದಲ್ಲಿ ಬಸ್ ಓಡಿಸಿ ಮೇಲೆ ಬಂದವರು ಎಂದು ಅಜ್ಜಿ ಹೇಳಿದ್ದಳು.

"ಟೈರಲ್ಲಿ ಹಸಿ ಕೆಸರು, ತಲೇಲಿ ಒಂದು ಕೂದಲೂ ಕೊಂಕಿಲ್ಲ. ಅವರು ಏನಂದ್ಕೋತಾರೆ? ಬೇರೆ ಯಾರೋ ಓಡಿಸ್ಕೊಂಡು ಬಂದ್ರು, ಇವರನ್ನ ತಂದು ಪಕ್ಕದಲ್ಲಿ ನಿಲ್ಲಿಸಿದ್ರು ಅಂತ. ಆ ಕಾಲದಲ್ಲಿ ಅಂದ್ಕೊಂಡಿದ್ದೂ ಅದನ್ನೇ. ಗೋಡೆ ಮೇಲೆ ನೀವೂ ಅದನ್ನೇ ಹೇಳಿಸ್ತೀರಾ?"

ಅವರು ಟೈರು ನೋಡಿದರು, ಕೂದಲು ನೋಡಿದರು, ಮತ್ತೆ ಟೈರು ನೋಡಿದರು.

"ಕಿಟಕಿಗೆ ಗಾಜಿರಲಿಲ್ವಾ?"

"ಇರಲಿಲ್ಲ."

"ಆ ಮಾಡೆಲ್ಲಿಗೆ ಇರ್ತಾನೇ ಇರಲಿಲ್ಲ," ಅಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಆಮೇಲೆ ಎದ್ದು, "ಮೇಲಿನವರು ಕೇಳಿದ್ರೆ ಈ ಕೆಸರಿನ ಕತೆ ನೀನೇ ಬಂದು ಹೇಳ್ಬೇಕು," ಅಂದರು.

"ಹೇಳ್ತೀನಿ."

ಹೇಳಬೇಕಾಗಿ ಬರಲಿಲ್ಲ. ಸೋಮವಾರ ಮೇಲಿನವರು ಬಂದರು, ಭಾಷಣ ಮಾಡಿದರು, ಗಡಿಯಾರ ನೋಡಿಕೊಂಡು ಹೋದರು. ಅವರು ಹೋದ ಮೇಲೆ ಡ್ಯೂಟಿ ಮುಗಿಸಿದವರು, ಡ್ಯೂಟಿಗೆ ಹೊರಟವರು ಒಳಗೆ ಬರತೊಡಗಿದರು. ಫೋಟೋ ನೆಲದಿಂದ ಶುರುವಾಗಿ ತಲೆಯ ಮೇಲಿನವರೆಗೂ ಇತ್ತು. ಅಷ್ಟು ದೊಡ್ಡದು ಮಾಡಿದರೂ ಗೆರೆಗಳು ಒಡೆದಿರಲಿಲ್ಲ. ಯಾವುದು ಅಜ್ಜಿಯ ಕೂದಲು, ಯಾವುದು ನನ್ನ ಗೆರೆ ಎಂದು ಹತ್ತಿರ ನಿಂತು ಹುಡುಕಿದೆ. ಎರಡು ಕಡೆ ನನಗೇ ತಪ್ಪಿತು. ಆ ಖುಷಿಯನ್ನು ಯಾರಿಗೂ ಹೇಳುವಂತಿರಲಿಲ್ಲ. ಸುಮ್ಮನೆ ಕೈ ಕಟ್ಟಿಕೊಂಡು ನಿಂತೆ.

ನಾನು ಹೇಳಿದ ಹಾಗೆಯೇ ಆಯಿತು. ಬಂದವರೆಲ್ಲ ಮೊದಲು ಬಗ್ಗಿ ಚಕ್ರ ನೋಡಿದರು, ಆಮೇಲೆ ತಲೆ ಎತ್ತಿದರು. ಬಾಗಿಲ ಹತ್ತಿರ ಮ್ಯಾನೇಜರ್ ಅದನ್ನು ನೋಡಿ ನನ್ನ ಕಡೆ ಒಮ್ಮೆ ಹುಬ್ಬು ಹಾರಿಸಿದರು.

ಹೊಸದಾಗಿ ಸೇರಿದ ಒಬ್ಬ ಹುಡುಗಿ, ಯೂನಿಫಾರ್ಮ್ ಇನ್ನೂ ಗಂಜಿ ಹಾಕಿದ ಹಾಗೆ ಬಿರುಸಾಗಿತ್ತು, ಫೋಟೋ ನೋಡಿ, ಅಜ್ಜಿಯನ್ನು ನೋಡಿ, ಇಬ್ಬರೂ ಒಬ್ಬಳೇ ಎಂದು ತಿಳಿದು ಹತ್ತಿರ ಬಂದಳು.

"ಅಜ್ಜಿ, ಅವತ್ತು ಗಾಳಿ ತುಂಬಾ ಜೋರಿತ್ತಾ?"

"ಗಾಳಿ ಇರಲಿಲ್ಲ," ಅಜ್ಜಿ ಅಂದಳು. "ಬಸ್ ಜೋರಿತ್ತು."

ಸುತ್ತ ನಿಂತವರು ನಕ್ಕರು. ಒಬ್ಬ ಹಳೆಯ ಡ್ರೈವರ್ ಎದ್ದು ತನ್ನ ಕುರ್ಚಿ ಕೊಟ್ಟ. ಅಜ್ಜಿ ಕೂರಲಿಲ್ಲ. ಗೋಡೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಗುಂಪು ಬಿಟ್ಟು ಫೋಟೋದ ಅಂಚಿನವರೆಗೂ ಹೋಗಿದ್ದ ಆ ಕೊನೆಯ ಎಳೆಯ ಮೇಲೆ ಬೆರಳಿಟ್ಟಳು.

"ಇದೊಂದು ಸುಳ್ಳು. ನನ್ನ ಕೂದಲು ಇಷ್ಟುದ್ದ ಇರಲಿಲ್ಲ."

"ತೆಗೆದುಬಿಡ್ಲಾ ಅಜ್ಜಿ? ಇನ್ನೊಂದು ಪ್ರಿಂಟ್ ಹಾಕಬಹುದು."

ಅವಳು ಬೆರಳನ್ನು ಬುಡದಿಂದ ತುದಿಯವರೆಗೆ ಎಳೆದಳು. ತುದಿ ಎಲ್ಲಿ ಮುಗಿಯಿತೆಂದು ಅವಳಿಗೂ ಸರಿಯಾಗಿ ಸಿಗಲಿಲ್ಲ.

"ಇರ್ಲಿ ಬಿಡು," ಅಂದಳು. "ಚೆನ್ನಾಗಿ ಓಡಿಸಿದೀಯ."